ಹಳೆಯ ಎಚ್‌ಎಂಟಿ ಕೊಳ್ಳುವ ಮುಂಚೆ ನಾನು ನೋಡುವುದು

ಹಳೆಯ ಎಚ್‌ಎಂಟಿ ಪೈಲಟ್ ವಾಚು ಒಂದು ಫಳಫಳ ಹೊಳೆಯುತ್ತಿದ್ದರೆ ನನಗೆ ಮೊದಲು ಬರುವುದು ಅನುಮಾನ. ದಶಕಗಳ ಕಾಲ ಯಾರದೋ ಕೈಯಲ್ಲಿದ್ದು ಬೆವರು, ಬಿಸಿಲು, ಮಳೆ ಎಲ್ಲ ಕಂಡ ವಾಚಿನ ಕೇಸು ಸವೆದಿದೆ, ಡಯಲ್ ಮಾತ್ರ ನಿನ್ನೆ ಅಚ್ಚಾದ ಹಾಗಿದೆ ಎಂದರೆ ಲೆಕ್ಕ ಎಲ್ಲೋ ತಪ್ಪಿದೆ. ಕೇಸು, ಡಯಲ್, ಮುಳ್ಳು, ಮಿಷಿನ್ ಇಷ್ಟರ ವಯಸ್ಸೂ ಒಂದಕ್ಕೊಂದು ತಾಳೆಯಾಗಬೇಕು. ಕೊಳ್ಳುವ ಮುಂಚೆ ನಾನು ಮಾಡುವುದೆಲ್ಲ ಆ ತಾಳೆ ನೋಡುವ ಕೆಲಸವೇ.

ಎಚ್‌ಎಂಟಿ ವಾಚಿನಲ್ಲಿ ಇದು ಇಷ್ಟು ಮುಖ್ಯವಾಗಲು ಕಾರಣವಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಮ್ಮ ಕಡೆ ಮನೆಗೊಂದು ಜನತಾನೋ ಸೋನಾನೋ ಇತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಹೊಸ ಮಾಲು ವಿರಳವಾಯಿತು, ಹಳೆಯದನ್ನು ಕೇಳುವವರು ಹೆಚ್ಚಿದರು. ಹಾಳಾದ ವಾಚುಗಳಿಂದ ಮಿಷಿನ್ ಕಿತ್ತು, ಡಯಲಿಗೆ ಹೊಸ ಬಣ್ಣ ಬಳಿದು, ಸಿಕ್ಕ ಕೇಸಿಗೆ ಕೂರಿಸಿ ಮಾರುವುದು ಒಂದು ದಂಧೆಯೇ ಆಯಿತು. ಸಂಗ್ರಾಹಕರ ಬಾಯಲ್ಲಿ ಅದಕ್ಕೆ ‘ಮುಂಬೈ ಸ್ಪೆಷಲ್’ ಎಂದು ಹೆಸರು. ಅದರೊಳಗಿನ ಮಿಷಿನ್ ಬಹಳ ಸಲ ನಿಜವಾದ ಎಚ್‌ಎಂಟಿಯದೇ ಆಗಿರುತ್ತದೆ, ಸಮಯವನ್ನೂ ಸರಿಯಾಗಿ ತೋರಿಸುತ್ತದೆ. ಹಾಗಾಗಿ ಚೆನ್ನಾಗಿ ಓಡುತ್ತಿದೆ ಎಂಬುದು ವಾಚು ಅಸಲಿ ಎನ್ನಲು ಸಾಕಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆಯುವುದು ಡಯಲಿನ ಮೇಲೆ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದು ನನ್ನ ಜೇಬಿನಲ್ಲಿ ಸದಾ ಇರುತ್ತದೆ. ಮೊಬೈಲಿನ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ಆಗ ಅಕ್ಷರದ ಅಂಚು ಚೆನ್ನಾಗಿ ಕಾಣುತ್ತದೆ. ಫ್ಯಾಕ್ಟರಿಯ ಅಚ್ಚಿನಲ್ಲಿ ‘ಪ್ಯಾರಾಶಾಕ್ 17 ಜ್ಯುವೆಲ್ಸ್’ ಎಂಬ ಪುಟ್ಟ ಸಾಲಿನ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ನಿಂತಿರುತ್ತದೆ. ಮತ್ತೆ ಬಳಿದ ಡಯಲಿನಲ್ಲಿ ಶಾಯಿ ಹರಡಿ, ಅಕ್ಷರದ ಹೊಟ್ಟೆ ತುಂಬಿಕೊಂಡಿರುತ್ತದೆ. ದೇವನಾಗರಿಯಲ್ಲಿ ಹೆಸರಿರುವ ಜನತಾ ಆದರೆ ತಲೆಗೆರೆ ನೋಡಿ: ಒಂದೇ ದಪ್ಪಕ್ಕೆ ನೇರವಾಗಿ ಹೋಗಿದೆಯೋ, ನಡುವೆ ಅಂಕುಡೊಂಕಾಗಿದೆಯೋ. ಕಿತ್ತಳೆ, ನೇರಳೆ ಬಣ್ಣದ ಡಯಲಿನ ಮೇಲೆ ದೊಡ್ಡದಾಗಿ ‘ಜವಾನ್’ ಎಂದು ಬರೆದದ್ದು ಕಂಡರೆ ನಾನು ಕೈಗೂ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಕೀ ಎಳೆದು ಸರಿಯಾಗಿ ಆರು ಗಂಟೆಗೆ ಇಡಿ. ದೊಡ್ಡ ಮುಳ್ಳು ಹನ್ನೆರಡರ ಗೆರೆಯ ಮೇಲೆ, ಚಿಕ್ಕದು ಆರರ ಗೆರೆಯ ಮೇಲೆ ಬಂದು, ಎರಡೂ ಸೇರಿ ಒಂದೇ ಗೆರೆಯಾಗಬೇಕು. ಆಮೇಲೆ ಒಂಬತ್ತೂಕಾಲಿನ ಸುತ್ತಮುತ್ತ ಅಡ್ಡಕ್ಕೂ ನೋಡಿ. ಬಣ್ಣ ಬಳಿಯುವವರು ಮಧ್ಯಬಿಂದು ಒಂದು ಕೂದಲೆಳೆ ತಪ್ಪಿಸಿದ್ದರೂ ಮುಳ್ಳು ಒಂದು ಕಡೆ ಗೆರೆ ದಾಟುತ್ತದೆ, ಇನ್ನೊಂದು ಕಡೆ ಗೆರೆಯನ್ನು ಮುಟ್ಟುವುದೇ ಇಲ್ಲ.

ಚಿಕ್ಕಪೇಟೆಯ ಬಳಿಯ ಸಂಡೇ ಬಜಾರಿನಲ್ಲಿ ಒಮ್ಮೆ ಎರಡು ಪೈಲಟ್ ಅಕ್ಕಪಕ್ಕ ಇದ್ದವು. ಒಂದರ ಕಪ್ಪು ಡಯಲ್ ಕನ್ನಡಿಯಂತಿತ್ತು, ಅಂಕಿಗಳು ಹಾಲುಬಿಳಿ. ಇನ್ನೊಂದರ ಅಂಚಿನಲ್ಲಿ ಕಂದು ಚುಕ್ಕೆಗಳಿದ್ದವು, ಬಿಳುಪು ಕೆನೆಬಣ್ಣಕ್ಕೆ ತಿರುಗಿತ್ತು. ಮೊದಲನೆಯದಕ್ಕೆ ಹೆಚ್ಚು ಬೆಲೆ. ಎರಡಕ್ಕೂ ಟಾರ್ಚ್ ಹಿಡಿದು ಅಂಗೈ ಮುಚ್ಚಿ ಒಳಗೆ ಇಣುಕಿದೆ. ಹೊಳೆಯುವ ವಾಚಿನಲ್ಲಿ ಕತ್ತಲಲ್ಲಿ ಬೆಳಗುವ ಬಣ್ಣ ಹಚ್ಚಿದ ಗಂಟೆಯ ಚುಕ್ಕೆಗಳು ಹಸಿರಾಗಿ ಬಹಳ ಹೊತ್ತು ಬೆಳಗಿದವು, ಮುಳ್ಳುಗಳ ಮೇಲಿನ ಬಣ್ಣ ಮಾತ್ರ ಸತ್ತಿತ್ತು, ಹಳದಿಯಾಗಿ ಬಿರುಕುಬಿಟ್ಟಿತ್ತು. ಒಂದೇ ದಿನ ಒಂದೇ ಫ್ಯಾಕ್ಟರಿಯಲ್ಲಿ ಹಚ್ಚಿದ ಬಣ್ಣ ಹೀಗೆ ಎರಡು ದಾರಿ ಹಿಡಿಯುವುದಿಲ್ಲ. ಚುಕ್ಕೆ ಬಿದ್ದ ವಾಚಿನಲ್ಲಿ ಡಯಲೂ ಮುಳ್ಳೂ ಸಮನಾಗಿ ಹಳದಿಯಾಗಿದ್ದವು, ಎರಡೂ ಬೇಗ ಆರಿದವು.

“ಹಿಂದಿನ ಮುಚ್ಚಳ ತೆಗೆದು ತೋರಿಸಿ ಅಣ್ಣ” ಎಂದೆ. “ಅದ್ಯಾಕೆ ಸಾರ್, ಓಡ್ತಾ ಇದೆಯಲ್ಲ” ಎಂದರೂ ಮಾರುವವರು ಬೇಸರವಿಲ್ಲದೆ ತೆಗೆದುಕೊಟ್ಟರು. ಪೈಲಟ್, ಜನತಾದಂಥ ಕೀ ಕೊಡುವ ವಾಚುಗಳಲ್ಲಿ ಸಾಮಾನ್ಯವಾಗಿ ಇರುವುದು 0231 ಎಂಬ ನಂಬರಿನ ಮಿಷಿನ್. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000. ಕಿವಿಗಿಟ್ಟರೆ ಸದ್ದು ಎಡವದೆ ಸಮವಾಗಿ ಬರಬೇಕು. ಆಚೀಚೆ ತಿರುಗಿ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರ ಅಲುಗಾಡದೆ ತಿರುಗುತ್ತಿದೆಯೇ, ಸ್ಕ್ರೂಗಳ ತಲೆ ಕಿತ್ತುಹೋಗಿದೆಯೇ, ತುಕ್ಕಿದೆಯೇ ಎಂದು ನೋಡಿದರೆ ಸಾಕು. ಒಳಗಿನ ಕೊಳೆಗೆ ನಾನು ಹೆದರುವುದಿಲ್ಲ, ಅದು ಸರ್ವಿಸ್ ಮಾಡಿಸಿದರೆ ಹೋಗುತ್ತದೆ. ತುಕ್ಕಾದರೆ ಬೇರೆ ಮಾತು. ಚುಕ್ಕೆ ಬಿದ್ದ ಪೈಲಟ್ ಒಳಗೆ ಒಣಗಿದ ಎಣ್ಣೆ ಬಿಟ್ಟರೆ ಶುದ್ಧವಾಗಿತ್ತು. ಅದನ್ನೇ ಕೊಂಡೆ.

ಕೇಸಿನಲ್ಲಿ ನೋಡುವುದು ಬೆಲ್ಟು ಸಿಕ್ಕಿಸುವ ಕಾಲುಗಳ ಅಂಚು, ಹಿಂದಿನ ಮುಚ್ಚಳದಲ್ಲಿ ಕೆತ್ತಿದ ಅಂಕಿ. ಅತಿಯಾಗಿ ಪಾಲಿಶ್ ಆದ ಕೇಸಿನ ಅಂಚುಗಳು ದುಂಡಗಾಗಿ, ಅಂಕಿಗಳು ಅರ್ಧ ಅಳಿಸಿಹೋಗಿರುತ್ತವೆ. ಗಾಜು, ಬೆಲ್ಟು ಹೊಸದಾದರೆ ನನಗೆ ಚಿಂತೆಯಿಲ್ಲ, ಅವು ಬದಲಾಗುವ ವಸ್ತುಗಳೇ. ಕೀ ಬದಲಾಗಿದ್ದರೆ ಬೆಲೆಯಲ್ಲಿ ಸ್ವಲ್ಪ ಚೌಕಾಸಿ ಮಾಡುತ್ತೇನೆ.

ಆನ್‌ಲೈನಿನಲ್ಲಿ ಕೊಳ್ಳುವಾಗ ಮಾರುವವರ ಚಂದದ ಫೋಟೋ ನನಗೆ ಸಾಲದು. ಗಾಜಿನ ಮೇಲೆ ಬೆಳಕು ಪ್ರತಿಫಲಿಸದ ಹಾಗೆ ಡಯಲಿನ ಹತ್ತಿರದ ಚಿತ್ರ, ಆರು ಗಂಟೆಗೆ ಇಟ್ಟ ಚಿತ್ರ, ಮುಚ್ಚಳ ತೆರೆದು ಮಿಷಿನ್ ಓಡುವ ವಿಡಿಯೋ, ಇಷ್ಟು ಕೇಳುತ್ತೇನೆ. ವಾಚಿನ ಬಗ್ಗೆ ಗೊತ್ತಿರುವವರು ಸಂತೋಷದಿಂದ ಕಳಿಸುತ್ತಾರೆ. ತೆಗೆಯಲು ಆಗುವುದಿಲ್ಲ ಎಂದರೆ ಆ ವಾಚನ್ನು ಬಿಟ್ಟುಬಿಡುತ್ತೇನೆ.

ಕೊಂಡ ಮೇಲೆ ರಿಪೇರಿಯವರ ಕೈಗೆ ಕೊಡುವಾಗ ಒಂದು ಮಾತನ್ನು ಮರೆಯದೆ ಹೇಳುತ್ತೇನೆ, ಚೀಟಿಯಲ್ಲೂ ಬರೆಸುತ್ತೇನೆ: ಮಿಷಿನ್ ತೊಳೆದು ಎಣ್ಣೆ ಹಾಕಿ, ಗಾಜು ಪಾಲಿಶ್ ಮಾಡಿ. ಡಯಲನ್ನೂ ಮುಳ್ಳನ್ನೂ ಒರೆಸಬೇಡಿ, ಬಣ್ಣ ಹಚ್ಚಬೇಡಿ, ಕೇಸನ್ನು ಉಜ್ಜಬೇಡಿ. ಒಳ್ಳೆಯ ಮನಸ್ಸಿನಿಂದಲೇ “ಡಯಲ್ ಹೊಸದರ ಥರ ಮಾಡ್ಕೊಡ್ಲಾ ಸಾರ್” ಎಂದು ಕೇಳುವವರಿದ್ದಾರೆ. ಬೇಡ ಎಂದು ವಾಚು ಕೊಡುವಾಗಲೇ ಹೇಳಿಬಿಡಬೇಕು.