ಅಯಾನ್ ಚಾನೆಲ್ ಸಂಶೋಧನೆಗೆ ಅನುದಾನ ಪಡೆದ ಬಗೆ: ನನ್ನ ಅನುಭವ

ನರಕೋಶಗಳ ಅಯಾನ್ ಚಾನೆಲ್‌ಗಳ, ಅಂದರೆ ಕೋಶದ ಪೊರೆಯ ಮೂಲಕ ವಿದ್ಯುದಾವೇಶವುಳ್ಳ ಕಣಗಳನ್ನು ಹಾಯಗೊಡುವ ಪ್ರೋಟೀನು ದ್ವಾರಗಳ, ಅಧ್ಯಯನಕ್ಕೆ ಹಣ ಕೇಳುವವರು ಮೊದಲು ಅರಿಯಬೇಕಾದದ್ದು, ಪ್ರಸ್ತಾವನೆಯನ್ನು ಓದುವ ಸಮಿತಿಯಲ್ಲಿ ಚಾನೆಲ್‌ಗಳ ಮೇಲೆ ಸ್ವತಃ ಕೆಲಸ ಮಾಡಿದವರು ಬಹಳ ಕಡಿಮೆ ಎಂಬುದನ್ನು. ಹೆಚ್ಚಿನವರು ನೆನಪು, ನಿದ್ರೆ, ದೃಷ್ಟಿ, ವರ್ತನೆಗಳನ್ನು ಅಧ್ಯಯನ ಮಾಡುವ ನರವಿಜ್ಞಾನಿಗಳು. ಪೊರೆಯಲ್ಲಿ ಕೂತ ಒಂದು ಪ್ರೋಟೀನು ಎಷ್ಟು ಮಿಲಿವೋಲ್ಟ್‌ನಲ್ಲಿ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆ ಅವರಿಗೆ ಸಣ್ಣದಾಗಿ ಕಾಣುವುದು ಸಹಜ. ನಾನು ಕೆಸಿಎನ್‌ಕ್ಯೂ2 ಜೀನಿನಿಂದ ರೂಪುಗೊಳ್ಳುವ ಪೊಟ್ಯಾಸಿಯಂ ಚಾನೆಲ್ ಕುರಿತು ಸಲ್ಲಿಸಿದ ಮೊದಲ ಪ್ರಸ್ತಾವನೆಗೆ ಬಂದ ಅಭಿಪ್ರಾಯಗಳ ಸಾರವೂ ಅದೇ ಆಗಿತ್ತು: ಕೆಲಸ ನಿಖರವಾಗಿದೆ, ಆದರೆ ಇದರಿಂದ ಯಾರಿಗೆ ಏನು ತಿಳಿಯುತ್ತದೆ?

ಆ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಎರಡನೆಯ ಸಲ ಬರೆಯುವಾಗ ಉಪಯೋಗದ ಬಗ್ಗೆ ಒಂದು ಸಾಲನ್ನು ಕೊನೆಯಲ್ಲಿ ಅಂಟಿಸುವ ಬದಲು, ಈ ಚಾನೆಲ್‌ನ ಇತಿಹಾಸವನ್ನೇ ವಾದವಾಗಿ ಕಟ್ಟಿದೆ. 1980ರಲ್ಲಿ ಡೇವಿಡ್ ಬ್ರೌನ್ ಮತ್ತು ಪಾಲ್ ಆಡಮ್ಸ್ ಅವರು ಕಪ್ಪೆಯ ನರಕೋಶಗಳಲ್ಲಿ ನಿಧಾನವಾಗಿ ತೆರೆದು, ತೆರೆದೇ ಉಳಿದು, ಕೋಶವು ಮತ್ತೆ ಮತ್ತೆ ಉದ್ದೀಪನಗೊಳ್ಳದಂತೆ ತಡೆಯುವ ಒಂದು ಪೊಟ್ಯಾಸಿಯಂ ವಿದ್ಯುತ್ ಪ್ರವಾಹವನ್ನು ಗುರುತಿಸಿ ಅದಕ್ಕೆ ಎಂ-ಪ್ರವಾಹ ಎಂದು ಹೆಸರಿಟ್ಟರು. ಅವರ ಮುಂದೆ ಆಗ ಯಾವ ರೋಗದ ಹೆಸರೂ ಇರಲಿಲ್ಲ. 1998ರಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುಗಳಿಗೆ ಸೆಳವು ಬರುವ ಕುಟುಂಬಗಳ ಅಧ್ಯಯನದಿಂದ ಕೆಸಿಎನ್‌ಕ್ಯೂ2 ಮತ್ತು ಕೆಸಿಎನ್‌ಕ್ಯೂ3 ಜೀನುಗಳು ಬೆಳಕಿಗೆ ಬಂದವು. ಈ ಎರಡು ಜೀನುಗಳ ಪ್ರೋಟೀನುಗಳು ಸೇರಿದಾಗ ಉಂಟಾಗುವುದೇ ಆ ಎಂ-ಪ್ರವಾಹ ಎಂಬುದು ಅದೇ ವರ್ಷ ಸ್ಪಷ್ಟವಾಯಿತು. ಈ ಚಾನೆಲ್‌ಗಳನ್ನು ತೆರೆಯುವ ರೆಟಿಗಾಬಿನ್ ಎಂಬ ಔಷಧಕ್ಕೆ 2011ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಚರ್ಮ ಮತ್ತು ಅಕ್ಷಿಪಟಲದ ಬಣ್ಣಗೆಡುವಂತಹ ಪರಿಣಾಮಗಳು ಕಂಡುಬಂದು ಬಳಕೆ ಕುಗ್ಗಿದ ಮೇಲೆ 2017ರಲ್ಲಿ ಅದು ಮಾರುಕಟ್ಟೆಯಿಂದ ಹೊರಬಂದಿತು. ಈ ಕೊನೆಯ ಸಂಗತಿಯನ್ನು ಬಿಟ್ಟುಬಿಡುವಂತೆ ಕೆಲವು ಸಹೋದ್ಯೋಗಿಗಳು ಸಲಹೆ ನೀಡಿದ್ದರು. ನಾನು ಅದನ್ನು ಉಳಿಸಿಕೊಂಡೆ, ಏಕೆಂದರೆ ಗುರಿ ಸರಿಯಿದ್ದೂ ಔಷಧ ಉಳಿಯಲಿಲ್ಲವೆಂದರೆ ಆ ಗುರಿಯನ್ನು ಇನ್ನೂ ಸೂಕ್ಷ್ಮವಾಗಿ ಅರಿಯಬೇಕಾಗಿದೆ ಎಂದೇ ಅರ್ಥ, ಮತ್ತು ನಾನು ಹಣ ಕೇಳುತ್ತಿದ್ದುದು ಅದಕ್ಕಾಗಿಯೇ.

ಸಮಿತಿಯ ಮನವೊಲಿಸಿದ್ದು ಇನ್ನೊಂದು ವಾದ ಎಂದು ನಂತರ ಬಂದ ಟಿಪ್ಪಣಿಗಳಿಂದ ತಿಳಿಯಿತು. ಒಂದೇ ಜೀನಿನ ಬೇರೆ ಬೇರೆ ರೂಪಾಂತರಗಳು, ಅಂದರೆ ಅದರ ಅಕ್ಷರಗಳಲ್ಲಿನ ಬದಲಾವಣೆಗಳು, ಪ್ರವಾಹವನ್ನು ವಿರುದ್ಧ ದಿಕ್ಕುಗಳಲ್ಲಿ ಬದಲಿಸಬಲ್ಲವು. ಕೆಸಿಎನ್‌ಕ್ಯೂ2ರ ಬಹುಪಾಲು ರೋಗಕಾರಕ ರೂಪಾಂತರಗಳು ಪ್ರವಾಹವನ್ನು ಕುಗ್ಗಿಸುತ್ತವೆ, ಕೆಲವು ಹೆಚ್ಚಿಸುತ್ತವೆ. ಚಾನೆಲ್ ತೆರೆಯುವ ಔಷಧವು ಮೊದಲ ಗುಂಪಿನ ಮಗುವಿಗೆ ನೆರವಾಗಬಹುದು, ಎರಡನೆಯ ಗುಂಪಿನ ಮಗುವಿಗೆ ಕೇಡನ್ನೇ ಮಾಡಬಹುದು. ಜೀನಿನ ಅಕ್ಷರಗಳನ್ನು ಓದಿದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲೂ ಈ ದಿಕ್ಕು ತಿಳಿಯುವುದಿಲ್ಲ, ಪ್ರವಾಹವನ್ನು ಅಳೆಯಲೇಬೇಕು. ಸೋಡಿಯಂ ಚಾನೆಲ್ ರೂಪಿಸುವ ಎಸ್‌ಸಿಎನ್1ಎ ಜೀನಿನ ದೋಷದಿಂದ ಮಕ್ಕಳಿಗೆ ಬರುವ ತೀವ್ರ ಅಪಸ್ಮಾರವಾದ ಡ್ರಾವೆ ಸಿಂಡ್ರೋಮ್‌ನಲ್ಲಿ ಸೋಡಿಯಂ ಚಾನೆಲ್ ತಡೆಯುವ ಔಷಧಗಳು ಸೆಳವನ್ನು ಉಲ್ಬಣಗೊಳಿಸುವ ಉದಾಹರಣೆಯನ್ನೂ ಜೊತೆಗಿಟ್ಟೆ. ಅಲ್ಲಿ ದುರ್ಬಲವಾಗಿರುವುದು ಮುಖ್ಯವಾಗಿ ಇತರ ಕೋಶಗಳನ್ನು ಹತ್ತಿಕ್ಕುವ ನರಕೋಶಗಳು. ಅವುಗಳ ಸೋಡಿಯಂ ಚಾನೆಲ್‌ಗಳನ್ನು ಮತ್ತಷ್ಟು ತಡೆದರೆ ಮಿದುಳಿನ ಉದ್ರೇಕ ಏರುತ್ತದೆ. ಯಾವ ಚಾನೆಲ್, ಯಾವ ಕೋಶದಲ್ಲಿ, ಯಾವ ದಿಕ್ಕಿನಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಚಿಕಿತ್ಸೆಯ ಆಯ್ಕೆ ಕುರುಡಾಗುತ್ತದೆ ಎಂಬುದನ್ನು ಚಾನೆಲ್‌ಗಳ ಪರಿಚಯವಿಲ್ಲದ ಓದುಗರೂ ಕೂಡಲೇ ಗ್ರಹಿಸಿದರು.

ಸಂಶೋಧನಾ ಪ್ರಶ್ನೆಯನ್ನು ಮಾತ್ರ ನಾನು ಹಿಗ್ಗಿಸಲಿಲ್ಲ, ಇನ್ನಷ್ಟು ಕಿರಿದಾಗಿಸಿದೆ. ಒಂದು ರೂಪಾಂತರದಿಂದ ಪ್ರವಾಹ ಕುಗ್ಗಿದಾಗ ಅದಕ್ಕೆ ಕಾರಣ ಚಾನೆಲ್‌ಗಳು ಪೊರೆಯನ್ನು ತಲುಪದಿರುವುದೇ, ಅಥವಾ ತಲುಪಿದವು ಸರಿಯಾಗಿ ತೆರೆಯದಿರುವುದೇ? ಎರಡಕ್ಕೂ ಪರಿಹಾರ ಬೇರೆ. ಈ ಚಾನೆಲ್ ನಾಲ್ಕು ಘಟಕಗಳಿಂದ ಕೂಡಿದ್ದು. ಸರಿಯಾದ ಹಾಗೂ ದೋಷಯುಕ್ತ ಘಟಕಗಳು ಸಮಪ್ರಮಾಣದಲ್ಲಿ ಯಾದೃಚ್ಛಿಕವಾಗಿ ಬೆರೆತರೆ, ಈ ಒಂದೇ ಪ್ರೋಟೀನಿನಿಂದ ಕಟ್ಟಿಕೊಂಡ ಚಾನೆಲ್‌ಗಳಲ್ಲಿ ನಾಲ್ಕೂ ಘಟಕಗಳು ಸರಿಯಿರುವುದು 16ರಲ್ಲಿ 1ರಲ್ಲಿ ಮಾತ್ರ. ಒಂದು ಜೀನ್ ಪ್ರತಿಯ ದೋಷವು ಅರ್ಧಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲದು ಏಕೆ ಎಂಬುದನ್ನು ಈ ಸರಳ ಲೆಕ್ಕ ಒಂದೇ ಸಾಲಿನಲ್ಲಿ ತೋರಿಸಿತು.

ಪ್ರಾಥಮಿಕ ದತ್ತಾಂಶವಿಲ್ಲದೆ ಅನುದಾನವಿಲ್ಲ, ಅನುದಾನವಿಲ್ಲದೆ ದತ್ತಾಂಶವಿಲ್ಲ ಎಂಬುದು ಎಲ್ಲ ಕಿರಿಯ ಸಂಶೋಧಕರ ಸಂಕಟ. ಸಂಸ್ಥೆಯೊಳಗಿನ ಸಣ್ಣ ಆರಂಭಿಕ ನಿಧಿಯಿಂದ ಹಾಗೂ ಸಹೋದ್ಯೋಗಿಯೊಬ್ಬರ ಉಪಕರಣವು ಖಾಲಿ ಇರುತ್ತಿದ್ದ ಸಂಜೆಗಳಿಂದ ನಾನು ಅದನ್ನು ದಾಟಿದೆ. ಆ ದತ್ತಾಂಶವನ್ನು ಪ್ರಸ್ತಾವನೆಯಲ್ಲಿ ಇಡುವಾಗ ಸರಾಸರಿಯ ಕಂಬಚಿತ್ರಗಳಿಗಿಂತ ಮೊದಲು ಒಂದೇ ಕೋಶದ ಕಚ್ಚಾ ದಾಖಲೆಯನ್ನು ಕೊಟ್ಟೆ: ಈ ಚಾನೆಲ್‌ಗಳನ್ನು ಮುಚ್ಚುವ ಎಕ್ಸ್‌ಇ991 ಎಂಬ ತಡೆಕಾರಕವನ್ನು ಹಾಕುವ ಮುನ್ನ, ಹಾಕಿದ ಮೇಲೆ, ಮತ್ತು ಎರಡರ ವ್ಯತ್ಯಾಸ. ಎಂ-ಪ್ರವಾಹ ಚಿಕ್ಕದು, ಸುಮಾರು ಮೈನಸ್ 60 ಮಿಲಿವೋಲ್ಟ್‌ನಿಂದ ತೆರೆಯತೊಡಗುವಂಥದ್ದು. ಅದನ್ನು ಇತರ ಪೊಟ್ಯಾಸಿಯಂ ಪ್ರವಾಹಗಳಿಂದ ಬೇರ್ಪಡಿಸಬಲ್ಲೆವು ಎಂಬುದಕ್ಕೆ ಇದೇ ಪುರಾವೆ. ಯಾವ ದಾಖಲೆಗಳನ್ನು ಕೈಬಿಡುತ್ತೇವೆ, ಸರಣಿ ರೋಧ (ಪಿಪೆಟ್ಟಿಗೂ ಕೋಶದ ಒಳಭಾಗಕ್ಕೂ ನಡುವಿನ ವಿದ್ಯುತ್ ತಡೆ) ಎಷ್ಟು ಏರಿದರೆ ಆ ಕೋಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನೂ ಮೊದಲೇ ಬರೆದಿಟ್ಟೆ. ಸಮಿತಿಯಲ್ಲಿ ಪ್ಯಾಚ್ ಕ್ಲಾಂಪ್, ಅಂದರೆ ಗಾಜಿನ ಪಿಪೆಟ್ಟನ್ನು ಕೋಶಕ್ಕೆ ಅಂಟಿಸಿ ಪ್ರವಾಹ ಅಳೆಯುವ ತಂತ್ರವನ್ನು, ಬಲ್ಲ ಒಬ್ಬರೇ ಇದ್ದರೂ ಅವರು ಮೊದಲು ನೋಡುವುದು ಇದನ್ನೇ, ಮತ್ತು ಉಳಿದವರು ಅವರ ಮಾತನ್ನು ನಂಬುತ್ತಾರೆ.

ಬಜೆಟ್ ವಿಚಾರದಲ್ಲಿ ನನ್ನ ನಿಲುವು ದೃಢವಾಗಿದೆ. ವಿಜ್ಞಾನಿಗಳಾದ ಎರ್ವಿನ್ ನೇಹರ್ ಮತ್ತು ಬರ್ಟ್ ಸಕ್‌ಮನ್ 1976ರಲ್ಲಿ ಒಂದೊಂದೇ ಚಾನೆಲ್‌ನ ಪ್ರವಾಹವನ್ನು ದಾಖಲಿಸಿ ತೋರಿಸಿದ, ಮುಂದೆ 1991ರ ನೊಬೆಲ್ ಪುರಸ್ಕಾರ ಪಡೆದ ಈ ಪ್ಯಾಚ್ ಕ್ಲಾಂಪ್ ತಂತ್ರದ ಸಲಕರಣೆಗಳು, ಅಂದರೆ ಆಂಪ್ಲಿಫಯರ್, ಕಂಪನ ತಡೆಯುವ ಮೇಜು, ಮೈಕ್ರೋಮ್ಯಾನಿಪ್ಯುಲೇಟರ್, ಸೂಕ್ಷ್ಮದರ್ಶಕ, ಇವೆಲ್ಲ ದುಬಾರಿಯೇ ಆದರೂ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಬಾಳದಿರುವುದು ಕೈಚಳಕವುಳ್ಳ ಸಂಶೋಧಕರ ಅವಧಿ. ಗಾಜಿನ ಪಿಪೆಟ್ಟಿನ ಸುಮಾರು ಒಂದು ಮೈಕ್ರೋಮೀಟರ್ ತುದಿಯನ್ನು ಜೀವಂತ ನರಕೋಶಕ್ಕೆ ತಾಗಿಸಿ, ಗಿಗಾಓಮ್‌ಗೂ (ನೂರು ಕೋಟಿ ಓಮ್) ಮಿಗಿಲಾದ ರೋಧದ ಬೆಸುಗೆ ಪಡೆದು, ಕೋಶ ಸಾಯದಂತೆ ದಾಖಲಿಸುವುದನ್ನು ಕಲಿಯಲು ತಿಂಗಳುಗಳು ಬೇಕು. ಕಲಿತ ಮೇಲೂ ಒಂದು ದಿನಕ್ಕೆ ದೊರೆಯುವ ಒಳ್ಳೆಯ ಕೋಶಗಳು ಕೆಲವೇ. ಆದ್ದರಿಂದ ನಾನು ಕೇಳಿದ ಮೊತ್ತದ ದೊಡ್ಡ ಪಾಲು ಸಂಬಳವಾಗಿತ್ತು, ಮತ್ತು ಅದರ ಕಾರಣವನ್ನು ಒಂದು ಪೂರ್ಣ ಪ್ಯಾರಾದಲ್ಲಿ ವಿವರಿಸಿದ್ದೆ.

ಸ್ವಯಂಚಾಲಿತ ಪ್ಯಾಚ್ ಯಂತ್ರಗಳು 384 ಗುಳಿಗಳ ತಟ್ಟೆಯಲ್ಲಿ ಏಕಕಾಲಕ್ಕೆ ಅಳೆಯುವಾಗ ಕೈಯಿಂದ ಏಕೆ ಎಂದು ಒಬ್ಬ ಪರಿಶೀಲಕರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಹತ್ತಾರು ರೂಪಾಂತರಗಳನ್ನು ಜರಡಿ ಹಿಡಿಯಲು ಅವೇ ಸರಿ. ಆ ಭಾಗವನ್ನು ಹಂಚಿಕೆಯ ಯಂತ್ರಾಲಯದ ಶುಲ್ಕವಾಗಿ ತೋರಿಸಿದೆ. ಆದರೆ ಮಿದುಳಿನ ತೆಳು ಹೋಳಿನಲ್ಲಿ ಸಂಕೇತ ಸಾಗಿಸುವ ತನ್ನ ಉದ್ದನೆಯ ಎಳೆಯಾದ ಆಕ್ಸಾನ್‌ನೊಂದಿಗೆ ಕೂತಿರುವ ನರಕೋಶವನ್ನು ಆ ತಟ್ಟೆಗೆ ಹಾಕಲಾಗದು, ಮತ್ತು ಈ ಚಾನೆಲ್ ದಟ್ಟವಾಗಿ ನೆಲೆಸಿರುವುದೇ ಆಕ್ಸಾನ್‌ನ ಆರಂಭದ ಭಾಗದಲ್ಲಿ.

ಸಂಖ್ಯಾಶಾಸ್ತ್ರವೂ ಖರ್ಚಿನ ವಿಷಯವೇ. ಒಂದೇ ಇಲಿಯಿಂದ ಹತ್ತು ಕೋಶಗಳನ್ನು ದಾಖಲಿಸಿದರೆ ಅವು ಹತ್ತು ಸ್ವತಂತ್ರ ಮಾದರಿಗಳಾಗುವುದಿಲ್ಲ, ಏಕೆಂದರೆ ಒಂದೇ ಪ್ರಾಣಿಯ ಕೋಶಗಳು ಪರಸ್ಪರ ಹೋಲುತ್ತವೆ. ಪ್ರಾಣಿಯನ್ನು ಮಾದರಿಯಾಗಿ ಎಣಿಸಿದಾಗ ಇಲಿಗಳ ಸಂಖ್ಯೆ, ಅವುಗಳ ಪಾಲನೆಯ ವೆಚ್ಚ, ದಾಖಲಿಸುವವರ ದಿನಗಳು, ಮೂರೂ ಏರುತ್ತವೆ. ಅಗ್ಗವಾಗಿ ಕಾಣಲೆಂದು ಇದನ್ನು ಮುಚ್ಚಿಡುವ ಪ್ರಸ್ತಾವನೆ ಕೊನೆಗೆ ಹಣವನ್ನೂ ಪ್ರಾಣಿಗಳನ್ನೂ ವ್ಯರ್ಥ ಮಾಡುತ್ತದೆ.

ಸರ್ಕಾರಿ ಅನುದಾನದ ಹೊರತಾಗಿ, ರೋಗಪೀಡಿತ ಮಕ್ಕಳ ಕುಟುಂಬಗಳು ಕಟ್ಟಿದ ಒಂದು ಪ್ರತಿಷ್ಠಾನದಿಂದಲೂ ನೆರವು ಪಡೆದೆ. ಮೊತ್ತ ಸಣ್ಣದು, ನಿರ್ಧಾರ ಬೇಗ. ಅವರಿಗಾಗಿ ಬರೆಯುವಾಗ ವಿಜ್ಞಾನವನ್ನು ತೆಳುಗೊಳಿಸಬೇಕಾಗಲಿಲ್ಲ. ತಮ್ಮ ಮಗುವಿನ ರೂಪಾಂತರದ ಸ್ಥಾನವನ್ನು ಬಾಯಿಪಾಠವಾಗಿ ಬಲ್ಲ ತಂದೆ ತಾಯಿಯರು ಗ್ರಾಫ್‌ಗಳನ್ನು ಬಹಳ ಎಚ್ಚರದಿಂದ ಓದುತ್ತಾರೆ. ಚಿಕಿತ್ಸೆಯ ಭರವಸೆ ಕೊಡುವ ಒಂದೂ ಪದ ನುಸುಳದಂತೆ ನೋಡಿಕೊಂಡೆ. ಔಷಧ ಕಂಪನಿಯೊಂದರೊಂದಿಗೂ ಮಾತುಕತೆ ನಡೆಯಿತು. ಫಲಿತಾಂಶ ಪ್ರಕಟಿಸುವ ಹಕ್ಕು ನಮ್ಮಲ್ಲೇ ಉಳಿಯದೆಂದು ತಿಳಿದ ಮೇಲೆ ಅದನ್ನು ಮುಂದುವರಿಸಲಿಲ್ಲ.

ಅನುದಾನ ಮಂಜೂರಾದಾಗ ಕೇಳಿದಷ್ಟು ದೊರೆಯಲಿಲ್ಲ. ಹೊಸ ಸೂಕ್ಷ್ಮದರ್ಶಕವನ್ನು ಬಿಟ್ಟುಕೊಟ್ಟು ಹಳೆಯದರ ದುರಸ್ತಿಗೆ ಹಣವಿಟ್ಟೆ. ಪೋಸ್ಟ್‌ಡಾಕ್ಟರಲ್ ಹುದ್ದೆಯನ್ನು ಮುಟ್ಟಲಿಲ್ಲ. ಈಗ ಬರೆಯುತ್ತಿರುವ ನವೀಕರಣದ ಪ್ರಸ್ತಾವನೆಯಲ್ಲಿ, ಹೊರಹೋಗುವ ಸಂಶೋಧಕರೂ ಹೊಸದಾಗಿ ಸೇರುವವರೂ ಒಂದೇ ಉಪಕರಣದ ಮುಂದೆ ಕೆಲವು ತಿಂಗಳು ಜೊತೆಯಾಗಿ ಕುಳಿತುಕೊಳ್ಳಲು ಬೇಕಾದ ಎರಡು ಸಂಬಳಗಳನ್ನು ಪ್ರತ್ಯೇಕ ಬಾಬ್ತಾಗಿಯೇ ತೋರಿಸಿದ್ದೇನೆ.