ಎಚ್‌ಡಿಎಂಐ ಇಲ್ಲದ ಲ್ಯಾಪ್‌ಟಾಪಿಗೆ ಪೋರ್ಟಬಲ್ ಮಾನಿಟರ್ ಹಾಕಿದ್ದು

ದಾವಣಗೆರೆ ಮಂಡಿಪೇಟೆಯ ಅಂಗಡಿಗಳ ಲೆಕ್ಕ ಬರೆಯೋ ನನ್ನ ಲ್ಯಾಪ್‌ಟಾಪ್ ಹಳೇದು. ಪರದೆಗೆ ಚಿತ್ರ ಕಳಿಸೋ ಹಳೇ ಬಗೆಯ ವಿಜಿಎ ಪೋರ್ಟ್ ಒಂದು, ಮೂರು ಸಾದಾ ಯುಎಸ್‌ಬಿ, ಅಷ್ಟೇ. ಚಿತ್ರ, ಶಬ್ದ ಎರಡನ್ನೂ ಕಳಿಸೋ ಎಚ್‌ಡಿಎಂಐ ಇಲ್ಲ. ಒಂದು ಪರದೆಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಬಿಲ್ಲು ಬೇಕಿತ್ತು. ತಂದ ಮಾನಿಟರ್ 15.6 ಇಂಚಿನದು, 1920×1080. ಅದರಲ್ಲಿ ಇರೋದು ಎರಡು ಟೈಪ್-ಸಿ, ಒಂದು ಮಿನಿ ಎಚ್‌ಡಿಎಂಐ.

ಮೊಬೈಲ್ ಚಾರ್ಜಿಂಗ್ ಕೇಬಲನ್ನೇ ಯುಎಸ್‌ಬಿಗೂ ಟೈಪ್-ಸಿಗೂ ಚುಚ್ಚಿದರೆ ಪರದೆ ಬೆಳಗುತ್ತೆ, ‘ನೋ ಸಿಗ್ನಲ್’ ಅಂತ ತೋರಿಸಿ ಮಲಗುತ್ತೆ. ಆ ಸಾದಾ ಯುಎಸ್‌ಬಿಯಲ್ಲಿ ಚಿತ್ರದ ಸಿಗ್ನಲ್ ಬರೋದೇ ಇಲ್ಲ. ಟೈಪ್-ಸಿ ಇರೋ ಲ್ಯಾಪ್‌ಟಾಪಲ್ಲೂ ಆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ (ಟೈಪ್-ಸಿಯಲ್ಲೇ ಚಿತ್ರ ಕಳಿಸೋ ಸೌಲಭ್ಯ) ಇಲ್ಲದಿದ್ದರೆ ಇದೇ ಕಥೆ.

ನನಗೆ ಬೇಕಾಗಿದ್ದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗೋ ಕನ್ವರ್ಟರ್. ಎಲ್ಲಾ ಎಡವೋದು ಇಲ್ಲೇ. ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಕೊಡೋದು ಹೆಚ್ಚಾಗಿ ಉಲ್ಟಾದು, ಅಂದ್ರೆ ಎಚ್‌ಡಿಎಂಐಯಿಂದ ವಿಜಿಎಗೆ ಹೋಗೋದು. ಅದನ್ನ ತಿರುಗಿಸಿ ಹಾಕಿದರೆ ಕೆಲಸ ಮಾಡಲ್ಲ. ತುದಿ ನೋಡಿ ತಗೊಳ್ಳಿ: ಪಿನ್ನುಗಳು ಹೊರಗೆ ಚಾಚಿರೋದು ವಿಜಿಎ ಕಡೆ ಇರಬೇಕು, ಎಚ್‌ಡಿಎಂಐ ಕಡೆ ಬರೀ ತೂತಿರಬೇಕು. ಮೂರು ಸಾಲಿನ ಪಿನ್ನುಗಳಲ್ಲಿ ನಡುಸಾಲಿನ 9ನೇದು ಇಲ್ಲದಿದ್ದರೆ ಮುರಿದಿದೆ ಅಂತ ವಾಪಸ್ ಕೊಡಬೇಡಿ, ಎಷ್ಟೋ ಪ್ಲಗ್ಗುಗಳು ಬರೋದೇ ಹಾಗೆ.

ಕನ್ವರ್ಟರಿಗೆ ಎರಡು ಬಾಲ. ಯುಎಸ್‌ಬಿ ಬಾಲ ಲ್ಯಾಪ್‌ಟಾಪಿಗೆ. ಒಳಗಿನ ಚಿಪ್ ಓಡೋದಕ್ಕೆ 5 ವೋಲ್ಟ್ ಅಲ್ಲಿಂದಲೇ. 3.5 ಮಿ.ಮೀ. ಬಾಲ ಹೆಡ್‌ಫೋನ್ ತೂತಿಗೆ, ಯಾಕಂದ್ರೆ ವಿಜಿಎಯಲ್ಲಿ ಶಬ್ದ ಹೋಗಲ್ಲ. ಅಲ್ಲಿಂದ ಮಾನಿಟರಿಗೆ ಎಚ್‌ಡಿಎಂಐ–ಮಿನಿ ಎಚ್‌ಡಿಎಂಐ ಕೇಬಲ್. ಮಿನಿ ಸುಮಾರು 11 ಮಿ.ಮೀ. ಅಗಲ, ಇನ್ನೂ ಚಿಕ್ಕದಾದ ಮೈಕ್ರೋ ಎಚ್‌ಡಿಎಂಐ 6ರ ಆಸುಪಾಸು. ಅದಲು ಬದಲಾದರೆ ಕೂರಲ್ಲ, ಒತ್ತಬೇಡಿ. ಕೊನೆಗೆ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’. 1024×768ರಲ್ಲೇ ನಿಂತರೆ ಮಾನಿಟರಿನ ಅಳತೆಯ ಮಾಹಿತಿ ಲ್ಯಾಪ್‌ಟಾಪಿಗೆ ಮುಟ್ಟಿಲ್ಲ ಅಂತ. ಮಧ್ಯೆ ವಿಜಿಎ ಕೇಬಲ್ ಹಾಕಿದ್ದರೆ ತೆಗೆದು ಕನ್ವರ್ಟರನ್ನ ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ. ಅಕ್ಷರದ ಅಂಚು ಒಂಚೂರು ಮಸುಕಾಗಿರುತ್ತೆ. ಟ್ಯಾಲಿಗೆ ಸಾಕು, ಫೋಟೋ ಕೆಲಸಕ್ಕೆ ಬೇಡ.

ವಿಜಿಎಯೂ ಇಲ್ಲದಿದ್ದರೆ ಡಿಸ್‌ಪ್ಲೇಲಿಂಕ್ ಚಿಪ್ಪಿನ ಯುಎಸ್‌ಬಿ–ಎಚ್‌ಡಿಎಂಐ ಅಡಾಪ್ಟರ್. ಇದು ಚಿತ್ರವನ್ನ ಸಾದಾ ಡೇಟಾ ಥರ ಹಿಂಡಿ ಯುಎಸ್‌ಬಿಯಲ್ಲಿ ತರಿಸಿ, ಆ ಕಡೆ ಮತ್ತೆ ಚಿತ್ರ ಮಾಡುತ್ತೆ. ಡ್ರೈವರ್ ಹಾಕಲೇಬೇಕು, ಪೋರ್ಟ್ ಯುಎಸ್‌ಬಿ 3.0 ಇರಬೇಕು. 1080ರ ಚಿತ್ರ ಸೆಕೆಂಡಿಗೆ 60 ಸಲ ಅಂದರೆ ಸುಮಾರು 3 ಗಿಗಾಬಿಟ್, ಹಳೇ 2.0ರಲ್ಲಿ ಹಾಯೋದು 480 ಮೆಗಾಬಿಟ್. ಎಷ್ಟು ಹಿಂಡಿ ಕಳಿಸಿದರೂ ಮೌಸ್ ಎಳೆದಂಗೆ ಓಡಾಡುತ್ತೆ.

ಮಾನಿಟರಿನ ಕರೆಂಟ್ ಮಾತ್ರ ಬೇರೆ ಇಡಿ. ಇಂಥದ್ದಕ್ಕೆ 8ರಿಂದ 10 ವ್ಯಾಟ್ ಬೇಕು, ಯುಎಸ್‌ಬಿ 2.0 ಕೊಡೋದು ಎರಡೂವರೆ, 3.0 ಕೊಡೋದು ನಾಲ್ಕೂವರೆ. ಬೆಳಕು ಏರಿಸಿದ ಕೂಡಲೇ ಪರದೆ ಮಿಟುಕಿ ಆರಿದರೆ ಕಾರಣ ಇದೇ, ಕನ್ವರ್ಟರನ್ನ ಬೈದು ಪ್ರಯೋಜನ ಇಲ್ಲ. 5 ವೋಲ್ಟ್ 2 ಆಂಪಿಯರಿನ ಮೊಬೈಲ್ ಚಾರ್ಜರ್ ಸಾಕು. ಬೇಸಿಗೇಲಿ ಕರೆಂಟ್ ಹೋದಾಗ ಅದೇ ಕೇಬಲ್ ಪವರ್ ಬ್ಯಾಂಕಿಗೆ. ಅದೂ ಇಲ್ಲದೆ ಮಾನಿಟರ್ ಕಪ್ಪಾದರೂ ಕನ್ವರ್ಟರ್ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಜೀವ ಹಿಡಿದಿರುತ್ತೆ. ಎರಡನೇ ಪರದೆ ಇನ್ನೂ ಇದೆ ಅಂತಲೇ ವಿಂಡೋಸ್ ತಿಳಿದಿರುತ್ತೆ, ಟ್ಯಾಲಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ಆಗ ಆಲ್ಟ್-ಟ್ಯಾಬ್‌ನಿಂದ ಅದನ್ನ ಆರಿಸಿ, ವಿಂಡೋಸ್, ಶಿಫ್ಟ್, ಎಡಬಾಣ ಮೂರನ್ನೂ ಒಟ್ಟಿಗೆ ಒತ್ತಿ; ಲ್ಯಾಪ್‌ಟಾಪಿನ ಪರದೆಗೆ ಬಂದು ಕೂರುತ್ತೆ.