ಬೆಳಗಿನ 10 ನಿಮಿಷ ಉಸಿರಿಗೆ ಕೊಡಿ

ಉಸಿರನ್ನು ಸುಮ್ನೆ ಗಮನಿಸುವ ಧ್ಯಾನ ಇದು. ಮೊದಲು ಕೂರುವ ವಿಷಯ ಮುಗಿಸಿಬಿಡೋಣ. ಪದ್ಮಾಸನ ಬೇಕಿಲ್ಲ. ಮಡಚಿದ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಸಾಕು. ಕುಂಡಿಯ ಕೆಳಗೆ ಗಟ್ಟಿ ದಿಂಬು ಇಟ್ಟುಕೊಳ್ಳಿ, ಮಂಡಿ ಕೆಳಗಿಳಿದು ಬೆನ್ನು ನೆಟ್ಟಗಾಗುತ್ತದೆ. ಮಂಡಿನೋವು ಇರುವವರು ಕುರ್ಚಿಯಲ್ಲೇ ಕೂರಿ, ಪಾದ ನೆಲಕ್ಕೆ ತಾಗಿರಲಿ. ಮಲಗಿಕೊಂಡು ಮಾತ್ರ ಬೇಡ, ನಿದ್ದೆ ಎಳೆಯುತ್ತದೆ. ಊಟವಾದ ತಕ್ಷಣವೂ ಬೇಡ. ನನ್ನ ಮಟ್ಟಿಗೆ ಬೆಳಗಿನ ಕಾಫಿಗೆ ಮುಂಚಿನ ಹೊತ್ತೇ ಒಳ್ಳೆಯದು. ಮೊಬೈಲಿನಲ್ಲಿ 10 ನಿಮಿಷಕ್ಕೆ ಅಲಾರಂ ಇಟ್ಟು, ಡೇಟಾ ಆಫ್ ಮಾಡಿ, ಕೈಗೆ ಸಿಗದಷ್ಟು ದೂರ ಇಡಿ.

ಈಗ ಕಣ್ಣು ಮುಚ್ಚಿ. ಮೂಗಿನ ಹೊಳ್ಳೆಯ ಬಾಯಲ್ಲಿ, ಮೇಲ್ದುಟಿಯ ಮೇಲೆ ಉಸಿರು ತಾಗುವ ಜಾಗ ಇದೆಯಲ್ಲ, ಗಮನ ಅಲ್ಲಿರಲಿ. ಒಳಗೆ ಹೋಗುವಾಗ ತುಸು ತಣ್ಣಗೆ, ಹೊರಗೆ ಬರುವಾಗ ಬೆಚ್ಚಗೆ. ಯಾವ ಹೊಳ್ಳೆಯಲ್ಲಿ ಜಾಸ್ತಿ ಓಡಾಡುತ್ತಿದೆ ನೋಡಿ. ಸಾಮಾನ್ಯವಾಗಿ ಒಂದು ಹೊಳ್ಳೆ ಹೆಚ್ಚು ತೆರೆದಿರುತ್ತದೆ, ಕೆಲವು ಗಂಟೆ ಕಳೆದ ಮೇಲೆ ಸರದಿ ಇನ್ನೊಂದರದು; ಒಳಗಿನ ಪೊರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳಿಯುವುದರಿಂದ ಹೀಗಾಗುತ್ತದೆ. ನನ್ನದೇ ಮೂಗಲ್ಲಿ ದಿನಾ ನಡೆಯುವ ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಇದು ಪ್ರಾಣಾಯಾಮ ಅಲ್ಲ. ಉಸಿರನ್ನು ಎಳೆಯುವುದು, ಬಿಗಿಹಿಡಿಯುವುದು ಏನೂ ಬೇಡ. ಗಿಡ್ಡವಿದ್ದರೆ ಗಿಡ್ಡ, ಉದ್ದವಿದ್ದರೆ ಉದ್ದ, ಸುಮ್ನೆ ನೋಡುತ್ತಿರಿ. ಪಾಲಿ ಭಾಷೆಯಲ್ಲಿ ಇದಕ್ಕೆ ಆನಾಪಾನ ಎನ್ನುತ್ತಾರೆ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶುರುಮಾಡಿದ ವಿಪಶ್ಯನ ಧ್ಯಾನದ ಶಿಬಿರಗಳಲ್ಲಿ, 10 ದಿನಗಳ ಪೈಕಿ ಮೊದಲ ಮೂರೂವರೆ ದಿನ ಮಾಡಿಸುವುದು ಇಷ್ಟನ್ನೇ. ಹಾಗಿರುವಾಗ ನಮಗೆ ಒಂದೇ ವಾರದಲ್ಲಿ ಕೈಗೂಡಲಿಲ್ಲ ಅಂತ ಬೇಜಾರು ಯಾಕೆ?

ಮನಸ್ಸು ತೀರಾ ಓಡುತ್ತಿದ್ದರೆ, ಹೊರಗೆ ಹೋಗುವ ಪ್ರತಿ ಉಸಿರಿಗೂ ಒಂದು, ಎರಡು ಅಂತ 10ರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡಿ. ನಾಲ್ಕಕ್ಕೇ ಲೆಕ್ಕ ತಪ್ಪಿ ಗ್ಯಾಸ್ ಬುಕ್ ಮಾಡಿದೆನಾ, ಮಗಳ ಫೀಸಿಗೆ ಕೊನೇ ದಿನ ಯಾವಾಗ ಅನ್ನುವ ಕಡೆ ಹೋಗಿರುತ್ತೀರಿ, ಇಲ್ಲವೇ ಎಚ್ಚರಾಗುವ ಹೊತ್ತಿಗೆ 17ಕ್ಕೆ ಬಂದಿರುತ್ತೀರಿ. ತಪ್ಪಿದ್ದು ಗೊತ್ತಾಯಿತಲ್ಲ, ಆ ಗೊತ್ತಾಗುವುದೇ ಕಲಿಕೆ. ಬೈದುಕೊಳ್ಳಬೇಡಿ. ಕರು ಹಗ್ಗ ಬಿಚ್ಚಿಕೊಂಡು ಹೋದರೆ ಮೈದಡವಿ ಕರೆತಂದು ಕಟ್ಟುತ್ತೇವೆ, ಅಲ್ವಾ? ಹಾಗೆಯೇ ಮತ್ತೆ ಒಂದರಿಂದ ಎಣಿಸಿ. 10 ನಿಮಿಷದಲ್ಲಿ ಮೂವತ್ತು ಸಲ ಕರೆತರಬೇಕಾದರೂ ಚಿಂತೆಯಿಲ್ಲ.

ಕಾಲು ಜೋಮು ಹಿಡಿದರೆ ನಿಧಾನವಾಗಿ ಬದಲಿಸಿ, ಅದು ಬಿಡುವವರೆಗೆ ಎದ್ದು ನಡೆಯಬೇಡಿ. ತೂಕಡಿಕೆ ಬಂದರೆ ಮುಖಕ್ಕೆ ನೀರು ಹಾಕಿಕೊಂಡು ಬನ್ನಿ. ಆದರೆ ಕೂತಾಗಲೆಲ್ಲ ಭಯ ಹೆಚ್ಚುತ್ತಿದ್ದರೆ, ಹಳೆಯ ನೋವು ನುಗ್ಗಿ ಬರುತ್ತಿದ್ದರೆ ಹಟ ಹಿಡಿಯಬೇಡಿ, ಅಲ್ಲಿಗೇ ನಿಲ್ಲಿಸಿ. ಮನೋರೋಗಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಮಾತ್ರೆ ಬಿಟ್ಟು ಧ್ಯಾನ ಹಿಡಿಯುವುದು ಖಂಡಿತ ಬೇಡ.

ಎರಡು ವಾರ ಆದ ಮೇಲೆ ಬೇಕೆನಿಸಿದರೆ 15 ನಿಮಿಷ ಮಾಡಿಕೊಳ್ಳಿ. ಒಂದು ದಿನ ತಪ್ಪಿತು ಅಂತ ಮರುದಿನ 20 ನಿಮಿಷ ಕೂತು ಸರಿದೂಗಿಸಲು ಹೋಗಬೇಡಿ. ಅದೇ ಜಮಖಾನ ಹಾಸಿ, ಅದೇ 10 ನಿಮಿಷ ಕೂರಿ.